ನಾಲ್ಕನೆಯ ಸ್ಥಾನ

ಶ್ರೀಮಠದ ಪ್ರೌಢಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನ ಕಳುಹಿಸಬೇಕೆಂದು ಮುಖ್ಯೋಪಾಧ್ಯಾಯರ ಪತ್ರ ಬಂದಿತು. ನಿವೃತ್ತನಾಗಿ ಹುಟ್ಟೂರು ಕಿರಿಮಂಜೇಶ್ವರದಲ್ಲಿ ನೆಲೆಸಿರುವ ನನ್ನಂಥ ಹಳೆಯ ಉಪಾಧ್ಯಾಯನಿಂದ ಶಿಸ್ತು, ಗುರುಭಕ್ತಿ ಮೊದಲಾದವನ್ನು ಕುರಿತ ಬರಹವನ್ನು ಅವರು ನಿರೀಕ್ಷಿಸಿರಬಹುದು. ನಾನು ಬರೆಯಹೊರಟಿರುವುದಾದರೋ ಗಾಲ್ಫ್ ಆಟಗಾರ್ತಿಯೊಬ್ಬರ ವಿಚಾರ. ಆ ಆಟದ ದಾಂಡನ್ನು ನಾನು ಕೈಯಿಂದ ಮುಟ್ಟಿದವನೂ ಅಲ್ಲ. ಆದರೂ ಈ ವಿಷಯವನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ಅದು ನಾನು ಉಪಾಧ್ಯಾಯನಾಗಿದ್ದಾಗ ಮಾಡಿದ ಒಂದು ತಪ್ಪಿಗೆ ಸಂಬಂಧಿಸಿದ್ದು.

2021ನೆಯ ಇಸವಿ ಆಗಸ್ಟ್ 7, ಶನಿವಾರ. ಮರುದಿನ ಆಸಾಡಿ ಅಮಾವಾಸ್ಯೆ. ಹೊರಗೆ ಮಳೆ ಹೊಡೆಯುತ್ತಿತ್ತು. ಕಡಲಿನ ಮೊರೆತ ಚಾವಡಿಯವರೆಗೂ ಕೇಳುತ್ತಿತ್ತು. ಸಾಂಕ್ರಾಮಿಕದ ದೆಸೆಯಿಂದ ಶಾಲೆಗಳು ಮುಚ್ಚಿದ್ದ ಕಾಲ. ಬೆಳಗಿನ ಜಾವದಲ್ಲಿಯೇ ಎದ್ದು ದೂರದರ್ಶನದ ಮುಂದೆ ಕುಳಿತಿದ್ದ ಮೊಮ್ಮಗಳು ನನ್ನನ್ನೂ ಕರೆದು ಕೂರಿಸಿಕೊಂಡಳು. ಜಪಾನಿನ ಕಸುಮಿಗಸೆಕಿ ಎಂಬಲ್ಲಿ ಒಲಿಂಪಿಕ್ ಕ್ರೀಡಾಕೂಟದ ಮಹಿಳಾ ಗಾಲ್ಫ್ ಸ್ಪರ್ಧೆಯ ಕೊನೆಯ ದಿನದ ಆಟ ನಡೆಯುತ್ತಿತ್ತು. ಅರವತ್ತು ಮಂದಿ ಸ್ಪರ್ಧಿಗಳಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಮೂರು ದಿನಗಳ ಆಟ ಮುಗಿಸಿ ಎರಡನೆಯ ಸ್ಥಾನದಲ್ಲಿದ್ದರು.

ಆಟದ ನಿಯಮಗಳನ್ನು ಆ ಹುಡುಗಿಯೇ ನನಗೆ ಹೇಳಿಕೊಟ್ಟಳು. ಹದಿನೆಂಟು ಕುಳಿಗಳು, ಒಂದೊಂದು ಕುಳಿಯ ವ್ಯಾಸ 108 ಮಿಲಿಮೀಟರು. ನೂರಾರು ಗಜ ದೂರದಿಂದ ಹೊಡೆಯುತ್ತ ಬಂದು, 46 ಗ್ರಾಂ ತೂಕವನ್ನು ಮೀರದ ಚೆಂಡನ್ನು ಆ ಕುಳಿಯೊಳಗೆ ಬೀಳಿಸಬೇಕು. ಯಾರು ಕಡಿಮೆ ಹೊಡೆತಗಳಲ್ಲಿ ಮುಗಿಸುವರೋ ಅವರಿಗೆ ಗೆಲುವು. ಜೊತೆಯಲ್ಲಿ ಹದಿನಾಲ್ಕು ದಾಂಡುಗಳನ್ನು ಒಯ್ಯಬಹುದು, ಅದಕ್ಕಿಂತ ಹೆಚ್ಚು ಕೂಡದು. ಕುಳಿಯ ಸುತ್ತಲಿನ ನುಣ್ಣನೆಯ ಹುಲ್ಲಿನ ಮೇಲೆ ಚೆಂಡನ್ನು ಮೆಲ್ಲನೆ ಉರುಳಿಸುವುದೇ ಪಟ್ಟಿಂಗ್. ಬಾಲ್ಯದಲ್ಲಿ ದೇವಸ್ಥಾನದ ಬಯಲಿನಲ್ಲಿ ಚಿಣ್ಣಿದಾಂಡನ್ನೂ ಗೋಲಿಯನ್ನೂ ಆಡಿದವನಿಗೆ ಇದು ತೀರ ಪರಕೀಯವೆನಿಸಲಿಲ್ಲ. ಈ ಆಟ ಬೆಳೆದದ್ದು ಸ್ಕಾಟ್ಲೆಂಡಿನ ಕಡಲತೀರದ ಮರಳುದಿಬ್ಬಗಳಲ್ಲಿ ಎಂಬುದನ್ನು ತಿಳಿದಾಗಲಂತೂ ನಮ್ಮೂರಿನ ತೀರವೇ ಕಣ್ಣಮುಂದೆ ಬಂದಿತು.

ಇದು ಸಿರಿವಂತರ ಆಟವೆಂಬ ಮಾತು ಸುಳ್ಳಲ್ಲ. ಬೆಂಗಳೂರಿನಲ್ಲಿ 1876ರಲ್ಲಿಯೇ ಗಾಲ್ಫ್ ಕ್ಲಬ್ಬು ಸ್ಥಾಪನೆಯಾಯಿತು. ಆಡುವವರು ದೊರೆಗಳು, ಅವರ ಚೀಲ ಹೊರುವವರು ನಮ್ಮವರು. ಆದರೆ ಹೊತ್ತವರೂ ಒಂದು ದಿನ ಆಡಿದರು. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನದಲ್ಲಿ ಚೀಲ ಹೊರುವ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಪ್ರಶಸ್ತಿಯನ್ನೇ ಗೆದ್ದರು. ಬಿಡದಿಯ ಬಳಿಯ ಮೈದಾನದಲ್ಲಿ ಅದೇ ಕೆಲಸ ಮಾಡುತ್ತಿದ್ದ ಹಳ್ಳಿಯ ಹುಡುಗ ಚಿಕ್ಕರಂಗಪ್ಪನವರೂ ವೃತ್ತಿಪರ ಆಟಗಾರರಾದರು. ದುಡಿಮೆಯಿಂದ ವಿದ್ಯೆಗೆ ಏರಿದ ಇಂಥವರ ಕಥೆ ನಮ್ಮ ಮಕ್ಕಳಿಗೆ ತಿಳಿದಿರಬೇಕು.

ಅದಿತಿಯವರ ದಾರಿ ಬೇರೆ. 1998ರ ಮಾರ್ಚ್ 29ರಂದು ಬೆಂಗಳೂರಿನಲ್ಲಿ ಹುಟ್ಟಿದ ಈಕೆಯ ಮನೆಯಲ್ಲಿ ಗಾಲ್ಫ್ ಆಡುವವರೇ ಇರಲಿಲ್ಲ. ಐದಾರು ವರ್ಷದ ಮಗುವಾಗಿದ್ದಾಗ ಒಂದು ಉಪಾಹಾರ ಗೃಹದಲ್ಲಿ ತಿಂಡಿ ತಿನ್ನುತ್ತ, ಎದುರಿನ ಅದೇ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನದಲ್ಲಿ ಜನ ಚೆಂಡು ಹೊಡೆಯುವುದನ್ನು ಕಂಡು, ತಾನೂ ಹೋಗಬೇಕೆಂದು ಆಸೆಪಟ್ಟಳಂತೆ. ತಂದೆತಾಯಿ ಕರೆದುಕೊಂಡು ಹೋದರು. ಮಗಳೊಡನೆ ಅವರೂ ಆಟ ಕಲಿತರು. 2015ರಲ್ಲಿ ಅದಿತಿ ಬ್ರಿಟಿಷ್ ಹವ್ಯಾಸಿ ಮಹಿಳಾ ಸ್ಟ್ರೋಕ್ ಪ್ಲೇ ಪ್ರಶಸ್ತಿ ಗೆದ್ದು, 2016ರ ಆರಂಭದಲ್ಲಿ ವೃತ್ತಿಪರ ಆಟಗಾರ್ತಿಯಾದರು. ಆ ವರ್ಷವೇ ರಿಯೋ ಒಲಿಂಪಿಕ್ಸಿನಲ್ಲಿ ಹದಿನೆಂಟರ ಹರೆಯದ ಈಕೆ ಆಡುವಾಗ ಚೀಲ ಹೊತ್ತವರು ತಂದೆ. ಮೊದಲೆರಡು ದಿನ ಮುಂಚೂಣಿಯಲ್ಲಿದ್ದು ಕೊನೆಗೆ 41ನೆಯ ಸ್ಥಾನಕ್ಕೆ ಇಳಿದರು. ಎದೆಗುಂದಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಗುರುಗ್ರಾಮದಲ್ಲಿ ಮಹಿಳೆಯರ ಇಂಡಿಯನ್ ಓಪನ್ ಗೆದ್ದು, ಐರೋಪ್ಯ ಮಹಿಳಾ ಪ್ರವಾಸಿ ಸರಣಿಯಲ್ಲಿ ಜಯ ಪಡೆದ ಪ್ರಥಮ ಭಾರತೀಯರೆನಿಸಿದರು. ಅದೇ ತಿಂಗಳು ಕತಾರಿನಲ್ಲಿಯೂ, ಮರುವರ್ಷ ಅಬುಧಾಬಿಯಲ್ಲಿಯೂ ಗೆದ್ದರು.

ವೃತ್ತಿಪರ ಆಟಗಾರರ ಜೀವನ ಹೊರಗಿನವರಿಗೆ ತೋರುವಷ್ಟು ಸುಖಕರವಲ್ಲ. ಅವರಿಗೆ ತಿಂಗಳ ಸಂಬಳವಿಲ್ಲ. ಪ್ರಯಾಣ, ವಸತಿ, ಚೀಲ ಹೊರುವವರ ಕೂಲಿ ಎಲ್ಲವೂ ಕೈಯಿಂದಲೇ. ಸಾಮಾನ್ಯವಾಗಿ ಎರಡು ದಿನದ ಆಟದ ನಂತರ ಹಿಂದುಳಿದವರನ್ನು ಕೈಬಿಡುತ್ತಾರೆ. ಅವರಿಗೆ ಆ ವಾರದ ಬಹುಮಾನದ ಹಣದಲ್ಲಿ ಪಾಲಿಲ್ಲ. ಮುಂಗಾರನ್ನು ನಂಬಿದ ರೈತನ ಹಾಗೆ, ಬಲೆಯನ್ನು ನಂಬಿದ ನಮ್ಮೂರ ಮೊಗವೀರನ ಹಾಗೆ ಅವರದೂ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಟೋಕಿಯೋ ಒಲಿಂಪಿಕ್ಸಿಗೆ ಹೋಗುವಾಗ ಅದಿತಿಯವರು ವಿಶ್ವದ ಕ್ರಮಾಂಕದಲ್ಲಿ 200ನೆಯವರು. ಕೆಲವು ವಾರಗಳ ಹಿಂದೆ ಕೋವಿಡ್ ಜ್ವರ ಬಂದು ಮೈಯ ಶಕ್ತಿ ಕುಂದಿತ್ತು. ಮೊದಲ ಹೊಡೆತದಲ್ಲಿ ಎದುರಾಳಿಗಳ ಚೆಂಡು ಎಷ್ಟೋ ಗಜ ಮುಂದೆ ಹೋಗಿ ಬೀಳುತ್ತಿತ್ತು. ಆ ಕೊರತೆಯನ್ನು ಈಕೆ ಪಟ್ಟಿಂಗಿನಲ್ಲಿ ತುಂಬಿಕೊಳ್ಳುತ್ತಿದ್ದರು. ಈ ಸಲ ಚೀಲ ಹೊತ್ತವರು ತಾಯಿ. ಅಷ್ಟು ದೊಡ್ಡ ಕೂಟದಲ್ಲಿ ತಾಯಿ ಮಗಳು ಅಕ್ಕಪಕ್ಕದಲ್ಲಿ ನಡೆದು ಬರುವುದನ್ನು ಕಂಡು ನನ್ನ ಕಣ್ಣು ತೇವವಾಯಿತು. ಕೊನೆಗಳಿಗೆಯಲ್ಲಿ ಅಲ್ಲಿಯೂ ಮಳೆ ಸಿಡಿಲಿನ ಭಯದಿಂದ ಆಟ ಕೆಲಕಾಲ ನಿಂತಿತು. ಇಲ್ಲಿ ನಮ್ಮ ಅಂಗಳದಲ್ಲಿಯೂ ಮಳೆ. ಮೊಮ್ಮಗಳು ಬಾಯಿಬಿಡದೆ ಕುಳಿತಿದ್ದಳು.

ಕೊನೆಯ ಕುಳಿಯಲ್ಲಿ ದೂರದಿಂದ ಉರುಳಿಸಿದ ಚೆಂಡು ಒಳಗೆ ಬೀಳಲಿಲ್ಲ. ನಾಲ್ಕು ದಿನಗಳಲ್ಲಿ 67, 66, 68, 68, ಒಟ್ಟು 269 ಹೊಡೆತಗಳು. ಅಮೆರಿಕೆಯ ನೆಲ್ಲಿ ಕೋರ್ಡಾ 267 ಹೊಡೆತಗಳಲ್ಲಿ ಸುವರ್ಣ ಪಡೆದರು. 268ರಲ್ಲಿ ಮುಗಿಸಿದ ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ ಬೆಳ್ಳಿ ಕಂಚುಗಳನ್ನು ಹಂಚಿಕೊಂಡರು. ನಾಲ್ಕು ದಿನ, ಎಪ್ಪತ್ತೆರಡು ಕುಳಿ. ಅಂತರ ಒಂದೇ ಒಂದು ಹೊಡೆತ.

ಮೊಮ್ಮಗಳು ನನ್ನ ಮುಖ ನೋಡಿ ಕೇಳಿದಳು: “ನಾಲ್ಕ್ನೆಯವ್ಳಿಗೆ ಎಂತ ಕೊಡ್ತ್ರ್ ಅಜ್ಜಯ್ಯ?”

ನಾನು ಉತ್ತರ ಹೇಳಲಾರದೆ ಹೋದೆ. ಏಕೆಂದರೆ ಇದೇ ಪ್ರಶ್ನೆಯನ್ನು ನಾನು ಹಿಂದೆಯೂ ಒಮ್ಮೆ ಕೇಳಿದ್ದೆ.

ಶಾಲೆಯಲ್ಲಿ ವಾರ್ಷಿಕೋತ್ಸವದ ಬಹುಮಾನ ಪಟ್ಟಿಯನ್ನು ಬರೆಯುವ ಮತ್ತು ವೇದಿಕೆಯ ಮೇಲೆ ಓದುವ ಕೆಲಸ ಹಲವು ವರ್ಷ ನನ್ನದಾಗಿತ್ತು. ವಿದ್ಯಾರ್ಥಿನಿಲಯದಲ್ಲಿದ್ದ ಒಬ್ಬ ಬಡ ಹುಡುಗ, ಹೆಸರು ಬೇಡ, ಎಂಟುನೂರು ಮೀಟರ್ ಓಟದಲ್ಲಿ ಎಂಟನೆಯ ತರಗತಿಯಲ್ಲಿಯೂ ನಾಲ್ಕನೆಯವನಾದ, ಒಂಬತ್ತರಲ್ಲಿಯೂ ನಾಲ್ಕನೆಯವನಾದ. ಎರಡನೆಯ ಬಾರಿ ಸೋತಿದ್ದು ಒಂದು ಹೆಜ್ಜೆಯಿಂದ. ಅಂದು ಸಂಜೆ ನಾನು ಪಟ್ಟಿ ಬರೆಯುತ್ತಿದ್ದಾಗ ಮೇಜಿನ ಬಳಿ ಬಂದು ನಿಂತು, “ನಾಲ್ಕನೆಯವರಿಗೆ ಏನೂ ಇಲ್ವಾ ಸಾರ್? ನಾನೂ ಓಡಿದ್ದೆ ಅಂತ ಎಲ್ಲಾದರೂ ಬರೆದಿರ್ತೀರಾ?” ಎಂದು ಕೇಳಿದ. ನಾನು ತಲೆಯೆತ್ತದೆ ನಕ್ಕು, “ಪಟ್ಟಿಯಲ್ಲಿ ಇರೋದು ಮೂರೇ ಸಾಲು ಕಣೋ” ಎಂದೆ. ಹತ್ತನೆಯ ತರಗತಿಯಲ್ಲಿ ಅವನು ಓಟಕ್ಕೆ ಹೆಸರು ಕೊಡಲಿಲ್ಲ. ಕಾಲು ನೋವೆಂದ. ಅದು ಕಾಲಿನ ನೋವಲ್ಲವೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕರೆದು ಮಾತನಾಡಿಸಲಿಲ್ಲ.

ಹುಲ್ಲು ಕೊಯ್ದು ಹಗ್ಗ ಹೊಸೆದ ನುಲಿಯ ಚಂದಯ್ಯನವರ ಕಾಯಕವನ್ನು ತರಗತಿಯಲ್ಲಿ ಪಾಠ ಹೇಳಿದವನು ನಾನು. ಮಾಡುವ ಕೆಲಸದ ಶುದ್ಧಿಯೇ ಹಿರಿದು, ಅದಕ್ಕೆ ಸಿಗುವ ಮನ್ನಣೆಯಲ್ಲ ಎಂದು ಗಂಟೆಗಟ್ಟಲೆ ವಿವರಿಸಿದವನೂ ನಾನೇ. ಮೂರು ಸಾಲಿನ ಪಟ್ಟಿಯ ಮುಂದೆ ಅದೆಲ್ಲವೂ ಮರೆತುಹೋಗಿತ್ತು. ಗಾಲ್ಫ್ ಆಟದಲ್ಲಿ ಗೆದ್ದವರ ಹಾಗೆ ಸೋತವರ ಒಂದೊಂದು ಹೊಡೆತವೂ ಚೀಟಿಯಲ್ಲಿ ದಾಖಲಾಗುತ್ತದೆ. ಆ ಲೆಕ್ಕ ಸರಿಯೆಂದು ಆಡಿದವರು ರುಜು ಹಾಕಬೇಕು. ಯಾರೂ ನೋಡದಿದ್ದರೂ ತಮ್ಮ ತಪ್ಪನ್ನು ತಾವೇ ಹೇಳಿ ದಂಡದ ಹೊಡೆತವನ್ನು ಬರೆಸುವುದು ಆ ಆಟದ ಧರ್ಮ. ಅರವತ್ತನೆಯವರ ಹೆಸರೂ ಆ ಪಟ್ಟಿಯಲ್ಲಿ ಉಳಿಯುತ್ತದೆ. ನಮ್ಮ ಪಟ್ಟಿಗೆ ಆ ದೊಡ್ಡತನವಿರಲಿಲ್ಲ.

ಅದೇ ಶನಿವಾರ ಸಂಜೆ ನೀರಜ್ ಚೋಪ್ರಾ ಅವರು ಭರ್ಜಿ ಎಸೆತದಲ್ಲಿ ಸುವರ್ಣ ಗೆದ್ದರು. ದೇಶವೆಲ್ಲ ಸಂತೋಷಪಟ್ಟಿತು, ನಾವೂ ಪಟ್ಟೆವು. ಬೆಳಗಿನ ನಾಲ್ಕನೆಯ ಸ್ಥಾನ ಆ ಸಂಭ್ರಮದಲ್ಲಿ ಹಿಂದೆ ಸರಿದದ್ದು ಸಹಜವೇ. ಮುಖ್ಯವಾದದ್ದು ಆಮೇಲೆ ಆಕೆ ಏನು ಮಾಡಿದರೆಂಬುದು. ಆಕೆ ಮತ್ತೆ ಆಡಿದರು. 2023ರ ಫೆಬ್ರವರಿಯಲ್ಲಿ ಕೀನ್ಯಾದ ಪಂದ್ಯಾವಳಿಯನ್ನು ಒಂಬತ್ತು ಹೊಡೆತಗಳ ಅಂತರದಿಂದ ಗೆದ್ದರು. ಅಕ್ಟೋಬರ್ 1ರಂದು ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಕೊನೆಯ ದಿನ ಏಳು ಹೊಡೆತಗಳ ಮುನ್ನಡೆಯಿಂದ ಆರಂಭಿಸಿ, ಆ ದಿನ ಕೈಕೊಟ್ಟು, ಸುವರ್ಣ ತಪ್ಪಿ ಬೆಳ್ಳಿ ಬಂದಿತು. ಏಷ್ಯನ್ ಕೂಟದ ಗಾಲ್ಫಿನಲ್ಲಿ ಭಾರತೀಯ ಮಹಿಳೆಗೆ ದೊರೆತ ಮೊದಲ ಪದಕ ಅದು. ಜೊತೆಗೆ ಟೋಕಿಯೋವಿಗಿಂತಲೂ ಕಹಿಯಾದ ಸೋಲು. ಎರಡು ತಿಂಗಳು ತುಂಬುವುದರೊಳಗೆ, ನವೆಂಬರಿನಲ್ಲಿ, ಸ್ಪೇನಿನ ಓಪನ್ ಪ್ರಶಸ್ತಿಯನ್ನು ಗೆದ್ದು ಐರೋಪ್ಯ ಸರಣಿಯ ತಮ್ಮ ಐದನೆಯ ಜಯವನ್ನು ದಾಖಲಿಸಿದರು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಮೂರನೆಯ ಒಲಿಂಪಿಕ್ಸ್ ಆಡಿ 29ನೆಯ ಸ್ಥಾನದಲ್ಲಿ ಮುಗಿಸಿದರು. ಏರಿದಾಗಲೂ ಇಳಿದಾಗಲೂ ಮರುದಿನ ದಾಂಡು ಹಿಡಿದು ನಿಲ್ಲುವುದೇ ಈಕೆಯ ಜೀವನದಿಂದ ನಾನು ಕಲಿತ ಪಾಠ.

ಆದರೆ ಇದನ್ನು ಹೇಳುವಾಗ ಒಂದು ಎಚ್ಚರವೂ ಬೇಕು. ಆಕೆ ಸೋತ ದಿನ ಪಕ್ಕದಲ್ಲಿ ನಡೆಯಲು ತಾಯಿಯಿದ್ದರು. ನನ್ನ ಶಿಷ್ಯನ ಪಕ್ಕದಲ್ಲಿ ಆ ಸಂಜೆ ಇದ್ದವನು ನಾನೊಬ್ಬನೇ. ನಾನು ತಲೆಯೆತ್ತಿ ನೋಡಲೂ ಇಲ್ಲ. ಸೋತ ಮಗು ಮತ್ತೆ ಎದ್ದು ನಿಲ್ಲಬೇಕೆಂದು ಉಪದೇಶಿಸುವುದು ಸುಲಭ. ಅದರ ಚೀಲವನ್ನು ಸ್ವಲ್ಪ ದೂರ ಹೊತ್ತು ಜೊತೆಯಲ್ಲಿ ನಡೆಯುವುದು ಗುರುವಿನ ಕಾಯಕ.

ಆದ್ದರಿಂದ ಶಾಲೆಯ ಇಂದಿನ ಉಪಾಧ್ಯಾಯ ಬಂಧುಗಳಲ್ಲಿ ನನ್ನದೊಂದು ವಿನಂತಿ. ಬಹುಮಾನ ಮೂವರಿಗೇ ಇರಲಿ, ಆಕ್ಷೇಪವಿಲ್ಲ. ಆದರೆ ಓಡಿದ ಎಲ್ಲ ಮಕ್ಕಳ ಹೆಸರನ್ನೂ ಪಟ್ಟಿಯಲ್ಲಿ ಬರೆಯಿರಿ. ವಾರ್ಷಿಕ ಸಂಚಿಕೆಯಲ್ಲಿ ಅದನ್ನು ಅಚ್ಚುಮಾಡಿಸಿರಿ. ಅದಕ್ಕೆ ಹೆಚ್ಚೆಂದರೆ ಅರ್ಧ ಪುಟ ಬೇಕಾದೀತು. ಎಂಟುನೂರು ಮೀಟರ್ ಓಟದಲ್ಲಿ ಎರಡು ಸಲ ನಾಲ್ಕನೆಯವನಾದ ಆ ಹುಡುಗ, ಈಗ ಎಲ್ಲಿದ್ದರೂ, ಈ ಸಂಚಿಕೆಯನ್ನು ಓದುವಂತಾದರೆ ತಿಳಿಯಲಿ: ನೀನೂ ಓಡಿದ್ದೆ, ಚೆನ್ನಾಗಿಯೇ ಓಡಿದ್ದೆ. ನಾನು ನೋಡಿದ್ದೆ. ಅಂದು ಬರೆಯದೆ ಬಿಟ್ಟ ಸಾಲನ್ನು ಇಂದು ಬರೆಯುತ್ತಿದ್ದೇನೆ.

ಶ್ರೀಮಠಕ್ಕೂ ಮಕ್ಕಳಿಗೂ ಶರಣು ಶರಣಾರ್ಥಿ.