ಎದುರಿಗೊಬ್ಬರು ಇದ್ದರೆ

ಕೊತ್ತಂಬರಿ ಸೊಪ್ಪು ಹೆಚ್ಚೆಂದರೆ ನಲವತ್ತು, ನಲವತ್ತೈದು ದಿನದ ಬೆಳೆ. ಹೊಸೂರು ಹತ್ತಿರದ ಸೂಳಗಿರಿ ಸುತ್ತಿನ ಹೊಲಗಳಲ್ಲಿ ವರ್ಷವಿಡೀ ಒಂದಲ್ಲ ಒಂದು ಕಡೆ ಅದು ಹಸಿರಾಗಿರುತ್ತದೆ. ಬಿತ್ತುವ ಮೊದಲು ಕಾಳನ್ನು ನೆಲಕ್ಕೆ ಹರಡಿ, ಉಜ್ಜಿ, ಎರಡು ಹೋಳು ಮಾಡಿಕೊಳ್ಳಬೇಕು. ಮೊಳೆತ ಮೇಲೆ ಕಳೆ, ನೀರು, ಮಳೆಯ ಭಯ. ಕಿತ್ತ ಮೇಲಂತೂ ಬಿಡುವೇ ಇಲ್ಲ. ಮಣ್ಣು ಕೊಡವಿ, ಹಳದಿ ಎಲೆ ತೆಗೆದು, ಕಟ್ಟು ಕಟ್ಟಿ, ನೀರು ಚಿಮುಕಿಸಿ, ಬಾಡುವ ಮುಂಚೆ ಮಂಡಿ ಮುಟ್ಟಿಸಬೇಕು.

ಕಟ್ಟು ಕಟ್ಟುವ ಕೆಲಸ ಹೆಚ್ಚಾಗಿ ಹೆಂಗಸರದು. ಒಬ್ಬಳೇ ಹೆಂಗಸು ಈ ಒಂದೇ ಕೆಲಸವನ್ನು ಮೂರು ರೀತಿಯಲ್ಲಿ ಮಾಡುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ದಿನಗೂಲಿಗೆ ಹೋದಾಗ ಅವಳ ಕೈ ಹೊತ್ತನ್ನು ಅನುಸರಿಸಿ ಆಡುತ್ತದೆ. ಕಟ್ಟಿಗಿಷ್ಟು ಎಂದು ಗುತ್ತಿಗೆ ಮಾತಾಡಿಕೊಂಡರೆ ಕೈ ಓಡುತ್ತದೆ, ಆದರೆ ಕಟ್ಟು ಸಡಿಲವಾಗಿ ಹಳದಿ ಎಲೆಯೂ ಒಳಗೇ ಸೇರಿಕೊಳ್ಳುತ್ತದೆ. ಮುಯ್ಯಾಳಾಗಿ ಹೋದ ದಿನ ಮಾತ್ರ ಕೆಲಸ ಬೇಗವೂ ಮುಗಿಯುತ್ತದೆ, ಅಚ್ಚುಕಟ್ಟಾಗಿಯೂ ಇರುತ್ತದೆ. ಇವತ್ತು ನಾವು ಅವರ ಹೊಲಕ್ಕೆ, ನಾಳೆ ಅವರು ನಮ್ಮ ಹೊಲಕ್ಕೆ. ಅಲ್ಲಿ ದುಡ್ಡು ಕೈ ಬದಲಾಯಿಸುವುದೇ ಇಲ್ಲ.

ಯಾಕೆ ಹೀಗೆ ಎಂದು ನಮ್ಮ ದೊಡ್ಡಮ್ಮನನ್ನು ಒಮ್ಮೆ ಕೇಳಿದ್ದೆ. “ಇವತ್ತು ಅವರ ಹೊಲದಾಗೆ ಕೈ ಕಟ್ಕೊಂಡು ನಿಂತ್ರೆ, ನಾಳೆ ನಮ್ಮ ಹೊಲದಾಗೆ ಅವರ ಮುಖ ಹೆಂಗಪ್ಪಾ ನೋಡೋದು?” ಅಂದಳು. ಜನ ಯಾತಕ್ಕಾಗಿ ಮನಸ್ಸಿಟ್ಟು ದುಡಿಯುತ್ತಾರೆ ಎಂಬ ಪ್ರಶ್ನೆಗೆ ನಾನು ಕೇಳಿದ ಉತ್ತರಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇಲ್ಲ. ಕೆಲಸದ ಆಚೆ ಬದಿಯಲ್ಲಿ ಒಂದು ಮುಖ ಇರಬೇಕು. ಆ ಮುಖಕ್ಕೆ ನಾವು ಬೇಕಾಗಿದ್ದೇವೆ ಎಂಬುದು ನಮಗೆ ಗೊತ್ತಿರಬೇಕು.

ಇದನ್ನು ಹೇಳುವಾಗ ಕೂಲಿಯನ್ನು ಹಗುರ ಮಾಡುವುದು ದೊಡ್ಡ ಅನ್ಯಾಯ. ಮನೆಯಲ್ಲಿ ಅಕ್ಕಿ ಇಲ್ಲದವರಿಗೆ ಕೆಲಸದ ಪ್ರೀತಿಯ ಪಾಠ ಹೇಳಬಾರದು. ನ್ಯಾಯವಾದ ಕೂಲಿ ಮೊದಲ ಸಾಲ, ಅದನ್ನು ತೀರಿಸಿದ ಮೇಲೆಯೇ ಉಳಿದ ಮಾತು. ಕೂಲಿ ಮನುಷ್ಯನನ್ನು ಗೇಟಿನವರೆಗೆ ಕರೆತರುತ್ತದೆ, ದಿನವೂ ಕರೆತರುತ್ತದೆ. ಒಳಗೆ ಬಂದ ಮೇಲೆ ಹಳದಿ ಎಲೆಯನ್ನು ಆರಿಸಿ ತೆಗೆಯುವ ನಿಗಾ ಬೇರೊಂದು ಕಡೆಯಿಂದ ಬರಬೇಕು.

ಕಲಿಕೆಗೂ ಇದೇ ಮಾತು ಸಲ್ಲುತ್ತದೆ. ಸೂಳಗಿರಿಯ ಬೀದಿಯಲ್ಲಿ ಬೆಳೆದ ಮಗುವಿಗೆ ಏಳೆಂಟು ವರ್ಷಕ್ಕೆಲ್ಲಾ ತೆಲುಗು, ಕನ್ನಡ, ತಮಿಳು ಮೂರೂ ಬಾಯಿಗೆ ಬಂದಿರುತ್ತವೆ. ಮನೆಯಲ್ಲಿ ಒಂದು, ಪಕ್ಕದ ಮನೆಯಲ್ಲಿ ಇನ್ನೊಂದು, ಬಸ್ಸಿನಲ್ಲಿ ಮತ್ತೊಂದು. ಯಾರೂ ಪಾಠ ಮಾಡಿರುವುದಿಲ್ಲ, ಯಾರೂ ಅಂಕ ಕೊಟ್ಟಿರುವುದಿಲ್ಲ. ಗೋಲಿಯಾಟದಲ್ಲಿ ಜಗಳವಾಡಲು ಎದುರಿಗಿದ್ದ ಹುಡುಗ ತೆಲುಗಿನವನು, ಆದ್ದರಿಂದ ತೆಲುಗು ಬಂತು. ಅಂಗಡಿಯ ಅಣ್ಣನ ಹತ್ತಿರ ಚಿಲ್ಲರೆ ಕೇಳಿ ಪಡೆಯಬೇಕಿತ್ತು, ತಮಿಳು ಬಂತು. ಅದೇ ಮಗು ಶಾಲೆಯಲ್ಲಿ ಹತ್ತು ವರ್ಷ ಇಂಗ್ಲಿಷ್ ಓದಿ, ಪರೀಕ್ಷೆ ಪಾಸಾಗಿ, ನಾಲ್ಕು ಮಾತಾಡಲು ತಡವರಿಸುತ್ತದೆ. ಆ ಇಂಗ್ಲಿಷಿನ ಆಚೆ ಬದಿಯಲ್ಲಿ ಪ್ರಶ್ನೆಪತ್ರಿಕೆ ಬಿಟ್ಟರೆ ಯಾರೂ ಇರಲಿಲ್ಲ.

ತಮಿಳುನಾಡಿನಲ್ಲಿ 2006ರ ತಮಿಳು ಕಲಿಕಾ ಕಾಯ್ದೆ ಬಂದಾಗಿನಿಂದ ಹೊಸೂರು ಭಾಗದ ಕನ್ನಡ, ತೆಲುಗು ಮಕ್ಕಳಿಗೆ ತಮಿಳು ಕಡ್ಡಾಯ ಪಾಠವೂ ಆಯಿತು. ಬೀದಿಯಲ್ಲಿ ನಗುತ್ತಾ ಆಡುವ ಭಾಷೆಯೇ ಪರೀಕ್ಷೆಯ ಹಾಳೆಯಲ್ಲಿ ಎದುರಾದಾಗ ಬೆವರುವ ಮಕ್ಕಳನ್ನು ಇಲ್ಲಿ ಎಷ್ಟೋ ಮನೆಗಳಲ್ಲಿ ಕಾಣಬಹುದು. ಆ ಮಕ್ಕಳಿಗೆ ತಮಿಳಿನ ಮೇಲೆ ಸಿಟ್ಟಿಲ್ಲ. ಗೆಳೆಯನಿಗಾಗಿ ಕಲಿಯುವುದೇ ಬೇರೆ, ಭಯಕ್ಕಾಗಿ ಕಲಿಯುವುದೇ ಬೇರೆ.

ಭಯ ಮಾತ್ರವಲ್ಲ, ಬಹುಮಾನದ ಆಸೆಯೂ ಕಲಿಕೆಗೆ ಏಟು ಕೊಡಬಲ್ಲದು. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಚಿತ್ರ ಬರೆಯುವುದೆಂದರೆ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳ ಮೇಲೆ ನಡೆಸಿದ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಬರೆದರೆ ರಿಬ್ಬನ್ ಕಟ್ಟಿದ ಪ್ರಮಾಣಪತ್ರ ಕೊಡುತ್ತೇವೆ ಎಂದು ಮೊದಲೇ ಮಾತು ಕೊಟ್ಟು ಬರೆಸಿದ ಮಕ್ಕಳು, ಆಮೇಲೆ ಬಿಡುವಿನ ವೇಳೆಯಲ್ಲಿ ಉಳಿದ ಮಕ್ಕಳ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಮೊದಲೇ ಹೇಳದೆ ಕೊನೆಗೆ ಪತ್ರ ಪಡೆದ ಮಕ್ಕಳ ಆಸೆ ಕುಂದಲಿಲ್ಲ. ಇಷ್ಟದ ಕೆಲಸಕ್ಕೆ ಮೊದಲೇ ಬೆಲೆ ಕಟ್ಟಿದರೆ ಇಷ್ಟ ಹಿಂದೆ ಸರಿಯುತ್ತದೆ, ಬೆಲೆ ಮುಂದೆ ಬಂದು ಕೂರುತ್ತದೆ.

ಕೆಲಸದ ಆಚೆ ಬದಿಯಲ್ಲಿ ಮುಖವೊಂದನ್ನು ಇಟ್ಟದ್ದಕ್ಕೆ ನಮ್ಮ ಹೊಸೂರಿನಲ್ಲೇ ಒಂದು ದೊಡ್ಡ ಉದಾಹರಣೆ ಇದೆ. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೊ ಕೂಡಿ ಟೈಟನ್ ಕಂಪನಿ ಆರಂಭಿಸಿದವು. ಆಗ ಕ್ಸರ್ಕ್ಸಿಸ್ ದೇಸಾಯಿ ಅದರ ಮುಖ್ಯಸ್ಥರಾಗಿದ್ದರು. ಗಡಿಯಾರದ ಕೆಲಸ ಕಂಡೇ ಇರದ, ಆಗಷ್ಟೇ ಶಾಲೆ ಮುಗಿಸಿದ ಹಳ್ಳಿಯ ಮಕ್ಕಳನ್ನು ಕರೆದು ತರಬೇತಿ ಕೊಟ್ಟರು. ಊರು ಬಿಟ್ಟು ಬಂದ ಆ ಎಳೆಯರನ್ನು ಜೊತೆಗಿದ್ದು ನೋಡಿಕೊಳ್ಳಲು ಸಾಕು ತಂದೆತಾಯಿಯರನ್ನೂ ಕಂಪನಿ ಗೊತ್ತುಮಾಡಿತು. ಆ ಏರ್ಪಾಡನ್ನು ನೆನೆದಾಗೆಲ್ಲ ನನಗೆ ಗೌರವ ಉಕ್ಕುತ್ತದೆ. ಸಂಜೆ ಮನೆಗೆ ಬಂದ ಹುಡುಗಿಗೆ “ಊಟ ಆಯಿತೇನಮ್ಮಾ? ಇವತ್ತು ಏನು ಕಲಿತೆ?” ಎಂದು ಕೇಳುವವರು ಒಬ್ಬರು ಬೇಕು ಎಂದು ಯಾರಿಗೋ ಹೊಳೆದಿತ್ತಲ್ಲ! ಅದೇ ಕಂಪನಿ 2002ರಲ್ಲಿ 1.15 ಮಿಲಿಮೀಟರ್ ದಪ್ಪದ ಯಂತ್ರವಿರುವ ಎಡ್ಜ್ ಕೈಗಡಿಯಾರವನ್ನು ಹೊರತಂದಿತು. ಅಂಥ ಸೂಕ್ಷ್ಮ ಕೆಲಸಕ್ಕೆ ಬೇಕಾದ ತಾಳ್ಮೆಯನ್ನು ಮೇಲ್ವಿಚಾರಕನ ಕಣ್ಣು ಹುಟ್ಟಿಸಲಾರದು.

ಈಗ ನಮ್ಮ ಕೃಷ್ಣಗಿರಿ ಜಿಲ್ಲೆಗೆ ಇನ್ನೊಂದು ಅಲೆ ಬಂದಿದೆ. 2021ರಲ್ಲಿ ಓಲಾ ಎಲೆಕ್ಟ್ರಿಕ್ ತನ್ನ ಪೋಚಂಪಳ್ಳಿ ಸ್ಕೂಟರ್ ಕಾರ್ಖಾನೆಯನ್ನು ಹೆಂಗಸರೇ ನಡೆಸುತ್ತಾರೆ ಎಂದು ಸಾರಿತು. ಹೊಸೂರಿನ ಬಳಿ ಫೋನಿನ ಭಾಗಗಳನ್ನು ತಯಾರಿಸಲು ಸಾವಿರಾರು ಹುಡುಗಿಯರು ಬರುತ್ತಿದ್ದಾರೆ. ಶಿಫ್ಟ್ ಬಸ್ಸು ಹೆದ್ದಾರಿಯಲ್ಲಿ ಹೋಗುವಾಗ ಕಿಟಕಿಗೆ ತಲೆಯಾನಿಸಿ ಮಲಗಿದ ಅವರನ್ನು ನೋಡಿ ನನಗೆ ಹೆಮ್ಮೆಯೂ ಆಗುತ್ತದೆ, ಕಳವಳವೂ ಆಗುತ್ತದೆ. ತಮ್ಮನ ಫೀಸು, ಅಮ್ಮನ ಔಷಧಿ, ತನ್ನದೇ ಹೆಸರಿನ ಪಾಸ್‌ಬುಕ್ಕು: ಆ ಹುಡುಗಿಯ ಕೆಲಸದ ಹಿಂದೆ ಎಷ್ಟೊಂದು ಮುಖಗಳಿವೆ. ಮುಂದೆ ಮಾತ್ರ ಟಾರ್ಗೆಟ್ಟಿನ ಅಂಕಿ ಒಂದೇ ಇದ್ದರೆ ಅದು ನ್ಯಾಯವಲ್ಲ.

ಸರಿಪಡಿಸುವುದು ಕಷ್ಟವೇನಲ್ಲ. ಆಡಮ್ ಗ್ರಾಂಟ್ ಎಂಬ ಸಂಶೋಧಕರು ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಫೋನಿನಲ್ಲಿ ದೇಣಿಗೆ ಕೇಳುತ್ತಿದ್ದವರನ್ನು ಅಭ್ಯಸಿಸಿದರು. ಆ ಹಣದಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯೊಡನೆ ಫೋನ್ ಮಾಡುವವರಲ್ಲಿ ಕೆಲವರು ಬರೀ ಐದು ನಿಮಿಷ ಮಾತಾಡಿದರು. ಒಂದು ತಿಂಗಳ ನಂತರ ನೋಡಿದರೆ ಅವರು ಫೋನಿನಲ್ಲಿ ಕಳೆಯುತ್ತಿದ್ದ ಸಮಯವೂ ತಂದ ಹಣವೂ ಎರಡು ಪಟ್ಟಿಗಿಂತ ಹೆಚ್ಚಾಗಿದ್ದವು. ಸಂಬಳ ಏರಿರಲಿಲ್ಲ, ಗದರಿಕೆ ಏರಿರಲಿಲ್ಲ.

ಆದ್ದರಿಂದ ಕಾರ್ಖಾನೆ ನಡೆಸುವವರಲ್ಲಿ, ಶಾಲೆ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಒಬ್ಬ ಕೆಲಸಗಾರ್ತಿ ಜೋಡಿಸಿದ ಸ್ಕೂಟರಿನಲ್ಲಿ ಕಾಲೇಜಿಗೆ ಹೋಗುವ ಹುಡುಗಿಯನ್ನು ಆ ಕೆಲಸಗಾರ್ತಿಗೆ ಒಮ್ಮೆ ಭೇಟಿ ಮಾಡಿಸಿ. ಐದನೇ ತರಗತಿಯ ಮಗು ಎರಡನೇ ತರಗತಿಯ ಮಗುವಿಗೆ ಕಥೆ ಓದಿ ಹೇಳಲಿ. ಆಗ ಓದು ಯಾಕೆ ಬೇಕು ಎಂದು ಅದಕ್ಕೆ ಯಾರೂ ವಿವರಿಸಬೇಕಾಗಿಲ್ಲ. ಕೂಲಿಯನ್ನು ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಕೊಡಿ. ಜೊತೆಗೆ, ಅವರ ದುಡಿಮೆ ಯಾರಿಗೆ ಸೇರುತ್ತದೆ ಎಂಬುದನ್ನು ತೋರಿಸಿ. ಇದಕ್ಕೆ ಹೆಚ್ಚು ಖರ್ಚಿಲ್ಲ, ದುಡಿಯುವವರನ್ನು ಮನುಷ್ಯರೆಂದು ಕಾಣುವ ಮನಸ್ಸು ಇದ್ದರೆ ಸಾಕು.