ಹೆಗಲ ಮೇಲಿನ ಗಂಟು

ತಲೆನೋವು ಕಣ್ಣಿನದೆಂದೇ ಮನೆಯವರೆಲ್ಲ ನಂಬಿದ್ದರು. ಕಾರ್ಕಳದ ಆ ಹುಡುಗಿ ದ್ವಿತೀಯ ಪಿಯುಸಿ. ರಾತ್ರಿ ಹನ್ನೊಂದರ ತನಕ ಮಂಚದ ಮೇಲೆ ಕುಳಿತು, ಮಡಿಲಲ್ಲಿ ಪುಸ್ತಕವಿಟ್ಟು ಓದುವವಳು. ಕನ್ನಡಕ ಬಂತು, ತಲೆನೋವು ಹೋಗಲಿಲ್ಲ. ಕುತ್ತಿಗೆಗೂ ಬಲ ಹೆಗಲಿಗೂ ನಡುವೆ ಅಡಿಕೆಯಂಥ ಗಟ್ಟಿಯೊಂದು ಕೈಗೆ ಸಿಗತೊಡಗಿತು. ಅದನ್ನು ಒತ್ತಿದರೆ ನೋವು ಕಿವಿಯ ಹಿಂದಿನಿಂದ ಹತ್ತಿ ಕಣತಲೆಗೆ ಬಂದು ನಿಲ್ಲುತ್ತಿತ್ತು.

ಅಪ್ಪನ ಮೊಬೈಲಿನಲ್ಲಿ ಕುತ್ತಿಗೆ ತಿರುಗಿಸಿ 'ಲಟಕ್' ಎನ್ನಿಸುವ ವಿಡಿಯೋಗಳು ಬಹಳ. ಅಂಥವರೊಬ್ಬರು ಉಡುಪಿಯಲ್ಲಿದ್ದಾರೆಂದು ಕರೆದೊಯ್ದರು. ಒಂದು ತಿರುವು, ಒಂದು ಸದ್ದು. ಎರಡು ದಿನ ಹಾಯೆನಿಸಿತು, ಮೂರನೆಯ ದಿನ ಯಥಾಪ್ರಕಾರ. ನಾಲ್ಕನೆಯ ಸಲ ಹೊರಟಾಗ ಹುಡುಗಿಯೇ, "ಬೇಡ ಅಪ್ಪ, ಹೆದರಿಕೆ ಆಗ್ತದೆ" ಎಂದಳು.

ಹೆದರಿಕೆ ಸುಮ್ಮನೆ ಬಂದದ್ದಲ್ಲ. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟಿನಲ್ಲಿ ಡಿ. ಡಿ. ಪಾಮರ್ ಆರಂಭಿಸಿದ ಕೈರೊಪ್ರ್ಯಾಕ್ಟಿಕ್ ಅಲ್ಲಿ ಪರವಾನಗಿಯುಳ್ಳ ವೃತ್ತಿ. ನಮ್ಮಲ್ಲಿ ಅದಕ್ಕೆಂದೇ ಶಾಸನಬದ್ಧ ಮಂಡಳಿಯಿಲ್ಲ. ಫಿಸಿಯೋಥೆರಪಿ ಮಾತ್ರ 2021ರ ಕಾನೂನಿನ ವ್ಯಾಪ್ತಿಗೆ ಬಂದಿದೆ. ಎಂದಮೇಲೆ ಕುತ್ತಿಗೆಗೆ ಕೈಹಾಕುವವರು ಏನು ಕಲಿತಿದ್ದಾರೆಂದು ಕೇಳುವ ಹೊಣೆ ಹೆತ್ತವರದೇ. ಆ 'ಲಟಕ್' ಎಲುಬು ಜಾಗಕ್ಕೆ ಕೂತ ಸದ್ದೂ ಅಲ್ಲ. ಕೀಲಿನ ದ್ರವದೊಳಗೆ ಫಕ್ಕನೆ ಅನಿಲದ ಗುಳ್ಳೆ ಮೂಡುವ ಸದ್ದು. ಬೆರಳ ನೆಟಿಗೆ ತೆಗೆದಾಗ ಕೇಳುವುದೂ ಅದೇ. ಕುತ್ತಿಗೆಯನ್ನು ರಭಸದಿಂದ ತಿರುಗಿಸಿದಾಗ ಮೆದುಳಿಗೆ ಹೋಗುವ ರಕ್ತನಾಳ ಹರಿದು ಪಾರ್ಶ್ವವಾಯು ಆದ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಅಪರೂಪ, ನಿಜ. ಆದರೆ ಬರೀ ಸ್ನಾಯುವಿನ ನೋವಿಗೆ ಅಷ್ಟು ದೂರ ಹೋಗಬೇಕೇ?

ಭಾನುವಾರ ಕಾಪುವಿನ ಅಜ್ಜಿಮನೆಗೆ ಹೋದಾಗ ಮಾವ ನೀಲಿ ಟೇಪಿನ ಸುರುಳಿ ತೆಗೆದರು. ಅವರು ವಾಲಿಬಾಲ್ ಆಡುವವರು. "ಇದು ಹಚ್ಚು, ಎಂತ ನೋವೂ ಇರುವುದಿಲ್ಲ" ಎಂದು ಹೆಗಲಿಗೆ ಅಂಟಿಸಿಯೇಬಿಟ್ಟರು. ರಬ್ಬರಿನಂತೆ ಎಳೆದರೆ ಹಿಗ್ಗುವ ಈ ಹತ್ತಿಯ ಪಟ್ಟಿಯನ್ನು 1970ರ ದಶಕದಲ್ಲಿ ರೂಪಿಸಿದವರು ಜಪಾನಿನ ಕೆಂಜೊ ಕಾಸೆ. ಕ್ರೀಡಾಪಟುಗಳ ಮೈಮೇಲೆ ಟಿವಿಯಲ್ಲಿ ಕಂಡು ಲೋಕಕ್ಕೆಲ್ಲ ಪರಿಚಯವಾಯಿತು. ಚರ್ಮವನ್ನು ಎತ್ತಿಹಿಡಿದು ರಕ್ತಸಂಚಾರ ಹೆಚ್ಚಿಸುತ್ತದೆಂದು ಹೇಳುವುದುಂಟು. ಪರೀಕ್ಷಿಸಿ ನೋಡಿದವರಿಗೆ ಕಂಡದ್ದು ಕೆಲವು ದಿನಗಳ ಅಲ್ಪ ಉಪಶಮನ. ಸುಮ್ಮನೆ ಅಂಟಿಸಿದ ಪಟ್ಟಿಗಿಂತ ಬಹಳ ಮೇಲೇನಲ್ಲ.

ಕೊನೆಗೆ ಅಮ್ಮನೇ ಬಸ್ಸು ಹತ್ತಿಸಿ ಮಣಿಪಾಲಕ್ಕೆ ಕರೆತಂದರು. ಅಲ್ಲಿನ ಫಿಸಿಯೋಥೆರಪಿಸ್ಟ್ ಮೊದಲು ಕೇಳಿದ್ದು ಪ್ರಶ್ನೆಗಳನ್ನೇ. ಬಿದ್ದದ್ದುಂಟಾ? ಕೈ ಜೋಮು ಹಿಡಿಯುತ್ತದಾ? ಜ್ವರ? ತೂಕ ಇಳಿದಿದೆಯಾ? ಒಂದಕ್ಕೆ 'ಹೌದು' ಎಂದಿದ್ದರೂ ಮೊದಲು ವೈದ್ಯರ ಬಳಿ ಕಳಿಸಬೇಕಿತ್ತು. ಆಮೇಲೆ ಗಂಟನ್ನು ಒತ್ತಿದರು, ಕಣತಲೆ ಸಿಡಿಯಿತು. ಇಂಥ ಜಾಗಕ್ಕೆ 'ಟ್ರಿಗರ್ ಪಾಯಿಂಟ್' ಎನ್ನುತ್ತಾರೆ. ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದ ಜಾನೆಟ್ ಟ್ರಾವೆಲ್ ಈ ನೋವು ಎಲ್ಲಿಂದೆಲ್ಲಿಗೆ ಹರಿಯುತ್ತದೆಂದು ನಕ್ಷೆ ಬರೆದವರು. ಆ ಗಂಟಿನೊಳಗೆ ನಿಜವಾಗಿ ಏನಿದೆ ಎಂಬ ಬಗ್ಗೆ ವಿದ್ವಾಂಸರ ಜಗಳ ಮುಗಿದಿಲ್ಲ. ನೋವಿನ ಬಗ್ಗೆ ಜಗಳವಿಲ್ಲ.

ಮಾವನ ಟೇಪನ್ನು ಅವರು ಕಿತ್ತೆಸೆಯಲಿಲ್ಲ. "ನಾಲ್ಕು ದಿನ ಇರಲಿ. ನೀನು ಬಗ್ಗಿದಾಗ ಅದು ಎಳೆಯುತ್ತದೆ, ಆಗ ನೆಟ್ಟಗಾಗು. ತುರಿಕೆಯಾದರೆ ತೆಗೆ" ಎಂದರು. ಮಂಚ ಬಿಟ್ಟು ಮೇಜಿಗೆ ಬರಬೇಕು, ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಬೇಕು, ಬ್ಯಾಗು ಎರಡೂ ಹೆಗಲಿಗಿರಬೇಕು, ರಬ್ಬರ್ ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿ ದಿನವೂ ಎಳೆಯಬೇಕು.

ಅಮ್ಮನ ಮುಖ ಸಣ್ಣದಾಯಿತು. "ಅರ್ಧ ಗಂಟೆಗೊಮ್ಮೆ ಎದ್ದರೆ ಓದುವುದು ಯಾವಾಗ ಮೇಡಂ? ಪರೀಕ್ಷೆಗೆ ಎರಡೇ ತಿಂಗಳು."

"ಈಗ ತಲೆ ಹಿಡಿದುಕೊಂಡು ಕೂರುವ ಹೊತ್ತೆಷ್ಟು, ಲೆಕ್ಕ ಹಾಕಿದ್ದೀರಾ ಅಮ್ಮ?"

ಅಮ್ಮ ಮಾತಾಡಲಿಲ್ಲ. ಹಿರಿಯಡಕ ದಾಟಿ ಬೈಲೂರು ಬರುವ ತನಕವೂ ಮಾತಾಡಲಿಲ್ಲ. ಆಮೇಲೆ, "ಆ ರಬ್ಬರ್ ಎಳೆಯುವುದು ಬಾವಿಯಿಂದ ನೀರು ಸೇದಿದ ಹಾಗೇ ಅಲ್ವಾ?" ಎಂದರು.

ಆರನೆಯ ವಾರದ ಹೊತ್ತಿಗೆ ತಲೆನೋವು ವಾರಕ್ಕೊಮ್ಮೆಗೆ ಇಳಿದಿತ್ತು. ಗಂಟು ಇನ್ನೂ ಇದೆ, ಒತ್ತಿದರೆ ನೋಯುತ್ತದೆ. ಪಂಪು ಬಂದ ಮೇಲೆ ತುಕ್ಕು ಹಿಡಿದಿದ್ದ ಬಾವಿಯ ರಾಟೆಗೆ ಅಪ್ಪ ಎಣ್ಣೆ ಬಿಟ್ಟಿದ್ದಾರೆ. ಸಂಜೆ ಮಲ್ಲಿಗೆ ಗಿಡಕ್ಕೆ ಎಂಟು ಕೊಡಪಾನ ನೀರು ಅವಳದೇ ಪಾಲು.