ದೊರೆ ಮೇಜಿಗೆ ಬೆಲೆ ಕಟ್ಟಿದ್ದು

ಹಳೆಮನೆ ಪಾಲಾಗುವಾಗ ಗದ್ದೆ, ತೋಟ ಹಂಚುವುದು ಅಷ್ಟೇನೂ ಕಷ್ಟವಲ್ಲ. ಅದಕ್ಕೆ ಸರ್ವೆ ನಂಬರ್ ಇದೆ, ಅಳತೆ ಇದೆ, ಸೆಂಟ್ಸಿಗೆ ಎಷ್ಟೆಂದು ಊರವರಿಗೆಲ್ಲ ಗೊತ್ತಿದೆ. ಕಷ್ಟ ಬರುವುದು ಮನೆಯೊಳಗಿನ ಮರದ ಸಾಮಾನಿನಿಂದ. ಕೆರಾಡಿಯ ನಮ್ಮ ಅಮ್ಮಮ್ಮನ ಮನೆ ಪಾಲಾದಾಗ ತಾಮ್ರದ ಹಂಡೆ, ಹಿತ್ತಾಳೆ ಕೊಡಪಾನ ಎಲ್ಲ ತೂಕದ ಲೆಕ್ಕದಲ್ಲಿ ಒಂದೇ ಮಧ್ಯಾಹ್ನಕ್ಕೆ ಮುಗಿಯಿತು. ಚಾವಡಿಯ ಮೇಜೊಂದೇ ಎರಡು ತಿಂಗಳು ತೆಗೆದುಕೊಂಡಿತು.

ಅದಕ್ಕೆ 'ದೊರೆ ಮೇಜು' ಎಂದೇ ಹೆಸರು. ಬೀಟಿ ಮರದ ಅಗಲ ಹಲಗೆ, ಕಡೆದು ಮಾಡಿದ ದಪ್ಪ ಕಾಲುಗಳು, ಎರಡು ಡ್ರಾವರು, ಹಿತ್ತಾಳೆಯ ಹಿಡಿ. ಕುಂದಾಪುರದಲ್ಲಿದ್ದ ಇಂಗ್ಲಿಷ್ ಅಧಿಕಾರಿಯೊಬ್ಬ ವರ್ಗವಾಗಿ ಹೋಗುವಾಗ ಸಾಮಾನು ಹರಾಜು ಹಾಕಿದನಂತೆ, ಅಮ್ಮಮ್ಮನ ಮಾವ ಗಾಡಿಯಲ್ಲಿ ಹೇರಿಕೊಂಡು ಬಂದರಂತೆ. ಅಮ್ಮಮ್ಮ ಹೇಳುತ್ತಿದ್ದುದು ಇಷ್ಟೇ.

ಮೇಜು ಚಿಕ್ಕಮ್ಮನಿಗೆ ಎಂದು ಎಲ್ಲರೂ ಒಪ್ಪಿದರು. ಅಮ್ಮಮ್ಮನನ್ನು ಕೊನೆತನಕ ನೋಡಿಕೊಂಡವರು ಅವರು. ಆದರೆ ಪಾಲಿನ ಪಟ್ಟಿಯಲ್ಲಿ ಮೇಜಿನ ಎದುರಿಗೆ ಒಂದು ಮೊತ್ತ ಬರೆಯಬೇಕಲ್ಲ? ಅಷ್ಟು ಹಣ ಚಿಕ್ಕಮ್ಮನ ಪಾಲಿನಿಂದ ಕಳೆಯುತ್ತದೆ. ಆ ಹಣದಲ್ಲಿಯೇ ಅವರು ಮಳೆಗಾಲದೊಳಗೆ ತಮ್ಮ ಭಾಗದ ಮಾಡು ರಿಪೇರಿ ಮಾಡಿಸಬೇಕಿತ್ತು. ದೊಡ್ಡ ಮಾವ ಬೆಂಗಳೂರಿನ ಅಂಗಡಿಯೊಂದರಲ್ಲಿ ಇಂಥದೇ ಮೇಜಿಗೆ ಲಕ್ಷ ಹೇಳಿದ್ದನ್ನು ಕಂಡು ಬಂದಿದ್ದರು. "ಇಂಗ್ಲಿಷ್ ಸಾಮಾನು, ಲಕ್ಷಕ್ಕೆ ಒಂದು ರೂಪಾಯಿ ಕಡಿಮೆ ಬರೆಯಬೇಡಿ" ಎಂದರು. ಅದೇ ವಾರ ಹಳೆ ಸಾಮಾನಿನ ವ್ಯಾಪಾರಿಯೊಬ್ಬ ಬಂದು ಮೇಜನ್ನು ಒಮ್ಮೆ ಬಡಿದು ನೋಡಿ, "ಇದ್ ಇಂಗ್ಲಿಷ್ ಅಲ್ದೆ ಮಾರಾಯ್ರೆ, ಊರ್ ಆಚಾರ್ರ್ ಮಾಡದ್ದ್. ಹತ್ತ್ ಸಾವ್ರ ಕೊಡ್ತೆ" ಎಂದ. ಒಂದೇ ಮೇಜಿಗೆ ಹತ್ತು ಸಾವಿರವೂ ಬೆಲೆ, ಲಕ್ಷವೂ ಬೆಲೆ!

ಹಳೆ ಸಾಮಾನಿನ ಬಗ್ಗೆ ಬಲ್ಲವರು ಮೊದಲು ನೋಡುವುದು ಮೇಲ್ಗಡೆಯನ್ನಲ್ಲ, ಅಡಿಯನ್ನು. ಮೇಲ್ಗಡೆಗೆ ಯಾರು ಬೇಕಾದರೂ ಪಾಲಿಶ್ ಹಚ್ಚಬಹುದು, ಅಡಿಗೆ ಹಚ್ಚುವವರು ಕಡಿಮೆ. ಊರಿನ ಹಿರಿಯ ಆಚಾರ್ರನ್ನು ಕರೆದೆವು. ಅವರು ಬಂದವರೇ ಡ್ರಾವರು ಎಳೆದು ಮಗುಚಿ ಹಾಕಿದರು, ಟಾರ್ಚ್ ಹಿಡಿದು ಮೇಜಿನ ಕೆಳಗೆ ಅಂಗಾತ ಮಲಗಿದರು. ಮಕ್ಕಳಿಗೆ ಅದೇ ದೊಡ್ಡ ತಮಾಷೆ.

ಡ್ರಾವರಿನ ಅಡಿಹಲಗೆ ಹಲಸಿನ ಮರದ್ದು. ಹಳೆಯದಾಗಿ ಕಂದು ತಿರುಗಿದ್ದರೂ ಉಗುರಿನಲ್ಲಿ ಕೆರೆದರೆ ಒಳಗೆ ಹಳದಿ. ಇಂಗ್ಲೆಂಡಿನಲ್ಲಿ ಮಾಡಿದ್ದಾದರೆ ಅಲ್ಲಿ ಓಕ್ ಅಥವಾ ಪೈನ್ ಇರಬೇಕಿತ್ತು, ಮೇಲಿನ ಹಲಗೆ ಮಹಾಗನಿ ಆಗಿರಬಹುದಿತ್ತು. ಕಾಣದ ಕಡೆಗೆ ಹತ್ತಿರ ಸಿಗುವ ಅಗ್ಗದ ಮರ ಹಾಕುವುದು ಎಲ್ಲ ದೇಶದ ಬಡಗಿಗಳ ಪದ್ಧತಿ. ಹಾಗಾಗಿ ಸಾಮಾನು ಹುಟ್ಟಿದ ಊರನ್ನು ಹೇಳುವುದು ಈ ಅಗ್ಗದ ಮರವೇ. ವ್ಯಾಪಾರಿ ಹೇಳಿದ್ದು ಅಷ್ಟರಮಟ್ಟಿಗೆ ಸರಿ.

ಹಾಗೆಂದು ಅಮ್ಮಮ್ಮನ ಮಾತು ಸುಳ್ಳಾಗಬೇಕಿಲ್ಲ. ಇಂಡಿಯಾದಲ್ಲಿದ್ದ ಇಂಗ್ಲಿಷರೆಲ್ಲ ಮೇಜು ಕುರ್ಚಿಗಳನ್ನು ಹಡಗಿನಲ್ಲಿ ತಂದವರಲ್ಲ. ತಮ್ಮ ದೇಶದ ಮಾದರಿ ತೋರಿಸಿ ಇಲ್ಲಿನ ಬಡಗಿಗಳಿಂದ, ಇಲ್ಲಿನ ಬೀಟಿ, ಸಾಗುವಾನಿಯಲ್ಲಿ ಮಾಡಿಸಿಕೊಂಡವರು ಬೇಕಷ್ಟಿದ್ದರು. ಊರು ಬಿಡುವಾಗ ಮನೆಸಾಮಾನು ಹರಾಜು ಹಾಕುವುದೂ ಅವರಲ್ಲಿ ರೂಢಿ. ಇದಕ್ಕೆ ತದ್ವಿರುದ್ಧವೂ ಉಂಟು. ಹಳೆಮನೆಗಳಲ್ಲಿ ನಾವು 'ಇಂಗ್ಲಿಷ್ ಕುರ್ಚಿ' ಎನ್ನುವ, ಬೆನ್ನಿನ ಮರವನ್ನು ದುಂಡಗೆ ಬಗ್ಗಿಸಿದ ಕುರ್ಚಿ ಇಂಗ್ಲಿಷೇ ಅಲ್ಲ. ಅದು ವಿಯೆನ್ನಾದ ಥೋನೆಟ್ ಕಂಪೆನಿಯವರು 1859ರಲ್ಲಿ ತಂದ ಮಾದರಿ. ಮೇಜು, ಕುರ್ಚಿ ಎಂಬ ಮಾತುಗಳು ಪರ್ಷಿಯ, ಅರಬ್ಬರ ಕಡೆಯಿಂದ ಬಂದವು, ಅಲಮಾರು ಪೋರ್ಚುಗೀಸರಿಂದ. ಬೆಂಚೊಂದು ಇಂಗ್ಲಿಷರದ್ದು.

ಇನ್ನು ವಯಸ್ಸು. ಆಚಾರ್ರು ಕಾಲನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, "ಗುಂಡಗಿಲ್ಲೆ, ಮೊಟ್ಟಿ ಆಯ್ತ್" ಎಂದರು. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಅದೂ ಎಲ್ಲ ಕಡೆ ಒಂದೇ ಸಮ ಅಲ್ಲ. ಹಾಗಾಗಿ ಹಳೆಯ ದುಂಡು ಮೇಜು, ಕಡೆದ ಕಾಲು ವರ್ಷಗಳು ಕಳೆದಂತೆ ಸ್ವಲ್ಪ ಮೊಟ್ಟೆಯಾಕಾರಕ್ಕೆ ಬರುತ್ತವೆ. ನೀವೂ ಮನೆಯಲ್ಲಿ ನೂಲು ಹಿಡಿದು ಅಳೆದು ನೋಡಬಹುದು. ಗರಗಸದ ಗುರುತು ಇನ್ನೊಂದು ಸಾಕ್ಷಿ. ಕೈಗರಗಸದ ಗೀರು ನೇರ, ಆದರೆ ಒಂದರಂತೆ ಒಂದಿಲ್ಲ. ಮಿಲ್ಲಿನ ದುಂಡು ಗರಗಸದ ಗೀರು ಬಿಲ್ಲಿನಂತೆ ಬಾಗಿರುತ್ತದೆ. ಸ್ಕ್ರೂ ಕೂಡ ಬಾಯಿ ಬಿಡುತ್ತದೆ. ಹಿಂದೆ ಕೈಯಲ್ಲಿ ಮಾಡುತ್ತಿದ್ದ ಸ್ಕ್ರೂಗೆ ಮೊನೆ ಇರಲಿಲ್ಲ, ತಲೆಯ ಗೀಟೂ ಓರೆ. ಮೊನೆಯಿರುವ ಸ್ಕ್ರೂ ಬಂದದ್ದು 1840ರ ದಶಕದ ಕೊನೆಯ ಹೊತ್ತಿಗೆ. ನಮ್ಮ ಮೇಜಿನಲ್ಲಿದ್ದದ್ದು ಮೊನೆಯವೇ. ಎಡಗಡೆಯ ಡ್ರಾವರಿನ ಮೂಲೆಗಳು ಕೈಬೆರಳು ಹೆಣೆದ ಹಾಗೆ ಒಂದರೊಳಗೊಂದು ಕೂತಿದ್ದವು. ಬಲಗಡೆಯದು ಬರೀ ಮೊಳೆ ಹೊಡೆದದ್ದು, ಅಡಿಯಲ್ಲಿ ಬಿಲ್ಲಿನ ಗೀರು. ಯಾವಾಗಲೋ ಹಾಳಾಗಿ ಹೊಸದು ಹಾಕಿದ್ದಾರೆ. ಇಂಗ್ಲೆಂಡಿನ ಸಾಮಾನಾದರೂ ಇಂಥ ಬದಲಿ ಭಾಗ ಕಂಡರೆ ಬೆಲೆ ಇಳಿಯುತ್ತದೆ. ಒಂದರ ಕಾಲಿಗೆ ಇನ್ನೊಂದರ ಹಲಗೆ ಕೂರಿಸಿ ಮಾರುವವರೂ ಇದ್ದಾರೆ, ಅದಂತೂ ಶುದ್ಧ ಮೋಸ.

"ಪಾಲಿಶ್ ಕೊಡಿಸಿದರೆ ಬೆಲೆ ಏರುತ್ತದೆ" ಎಂದು ಮಾವ ಸಲಹೆ ಕೊಟ್ಟರು. ಆಚಾರ್ರು ಕೈ ಅಡ್ಡ ಹಿಡಿದರು. ನೂರು ವರ್ಷ ಕೈ ತಾಗಿ, ಬಟ್ಟೆ ತಾಗಿ ಬಂದ ಬಣ್ಣ ಉಪ್ಪುಕಾಗದದಲ್ಲಿ ಒಮ್ಮೆ ಉಜ್ಜಿದರೆ ಮತ್ತೆ ಬರುವುದಿಲ್ಲ. ಲಂಡನ್ನಿನ ಹರಾಜಿನಲ್ಲೂ ಇದೇ ನ್ಯಾಯ.

ಆ ಲಂಡನ್ನಿನದೇ ಸುದ್ದಿ ಕೇಳಿ: ಅಲ್ಲಿ ಈ ಕಂದು ಮರದ ಹಳೆ ಸಾಮಾನಿನ ಬೆಲೆ 2000ದ ನಂತರ ಬಿದ್ದುಹೋಗಿದೆ. ಮನೆ ಚಿಕ್ಕದಾಗಿದೆ, ಭಾರದ ಮೇಜು ಯಾರಿಗೂ ಬೇಡ. 'ಇಂಗ್ಲಿಷ್' ಎಂಬ ಹೆಸರೊಂದಕ್ಕೇ ಲಕ್ಷ ಎನ್ನುವುದು ಅಲ್ಲಿಯೇ ನಡೆಯದ ಮಾತು. ನಮ್ಮಲ್ಲಿ ಕಾನೂನೂ ಇದೆ. 1972ರ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಪುರಾತನ ಕಲಾವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವಂತಿಲ್ಲ. ಹೊರಗಿನ ಗಿರಾಕಿಯ ಆಸೆ ಇಟ್ಟುಕೊಳ್ಳುವ ಹಾಗಿಲ್ಲ.

ಅಂಗಡಿಯ ಲಕ್ಷದಲ್ಲಿ ಬಾಡಿಗೆ, ಸಾಗಾಟ, ರಿಪೇರಿ, ವರ್ಷಗಟ್ಟಲೆ ಕಾಯುವ ಬಡ್ಡಿ, ಲಾಭ ಎಲ್ಲ ಸೇರಿರುತ್ತದೆ. ಮನೆಬಾಗಿಲಿಗೆ ಬಂದವನ ಹತ್ತು ಸಾವಿರದಲ್ಲಿ ನಮ್ಮ ಅವಸರದ ಅಂದಾಜು ಸೇರಿರುತ್ತದೆ. ಆಚಾರ್ರು ಮೂರನೆಯ ಲೆಕ್ಕ ಹಾಕಿದರು. ಅಷ್ಟು ಬಲಿತ, ಒಣಗಿದ ಬೀಟಿಗೆ ಇವತ್ತು ಎಷ್ಟು, ಕೂಲಿ ಎಷ್ಟು, ಬದಲಿ ಡ್ರಾವರಿಗೆ ಎಷ್ಟು ಕಳೆಯಬೇಕು. 28 ಸಾವಿರ ಬಂತು.

ಮಾವ ಒಪ್ಪಲಿಲ್ಲ. ಮಣಿಪಾಲದ ಹಸ್ತಶಿಲ್ಪದ ಮಾತು ತೆಗೆದರು. ವಿಜಯನಾಥ ಶೆಣೈಯವರು ಬಿಚ್ಚಿ ಹೋಗುತ್ತಿದ್ದ ಮನೆಗಳನ್ನೇ ತಂದು ನಿಲ್ಲಿಸಿದ ಜಾಗ ಅದು, ನಮ್ಮ ಕುಂದಾಪುರ ಕಡೆಯ ಹರ್ಕೂರು ಒಳಗಿನಮನೆಯೂ ಅಲ್ಲಿದೆ. "ಅಲ್ಲಿ ಇಡುವಂಥ ಮೇಜಿಗೆ 28 ಸಾವಿರವಾ?" ಎಂದರು. ನನ್ನ ಲೆಕ್ಕದಲ್ಲಿ ಶೆಣೈಯವರು ಉಳಿಸಿದ್ದು ಮಾರಲಿಕ್ಕಲ್ಲ, ಆ ಹೋಲಿಕೆ ಇಲ್ಲಿ ಕೂರುವುದಿಲ್ಲ. ನಾನು ಅದನ್ನು ಹೇಳುವ ಮೊದಲೇ, ಅಷ್ಟೂ ದಿನ ಬಾಯಿ ಬಿಡದಿದ್ದ ಚಿಕ್ಕಮ್ಮ ಒಳಗಿಂದ ಚಾ ತಂದಿಟ್ಟು, "ಅಣ್ಣಯ್ಯ, ಲಕ್ಷ ಅಂದವ್ರೇ ಲಕ್ಷಕ್ಕೆ ತಕಣಿ. ನಂಗೆ ದುಡ್ಡ್ ಸಾಕ್" ಎಂದರು.

ಮಾವ ಚಾ ಕುಡಿದು ಮುಗಿಸುವವರೆಗೆ ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ಪೆನ್ನು ತೆಗೆದು 28 ಸಾವಿರ ಬರೆದರು.

ಮಾಡಿನ ಪಕ್ಕಾಸು ಬದಲಾಯಿತು, ಹಂಚು ಹೊದಿಸಿದ್ದೂ ಆಯಿತು. ಮೇಜು ಈಗ ಚಿಕ್ಕಮ್ಮನ ಭಾಗದ ಜಗಲಿಯಲ್ಲಿದೆ. ಮೊಳೆ ಹೊಡೆದ ಡ್ರಾವರು ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಂಡರೆ ದೀಪಾವಳಿ ತನಕ ಬಿಡುವುದಿಲ್ಲ. ಹಾಗಾಗಿ ಮಿರ್ಗಿ ಮಳೆ ಹಿಡಿಯುವ ಮೊದಲೇ ಅವರು ಪಾಸ್‌ಬುಕ್ಕು, ರೇಶನ್ ಕಾರ್ಡು ತೆಗೆದು ಎಡಗಡೆಯ ಡ್ರಾವರಿಗೆ ಹಾಕಿಡುತ್ತಾರೆ.